ಜಗಳಗಂಟರ ಒಳ್ಳೆಯದಕ್ಕೂ ಸಾಕ್ಷಿ ಬೇಕು

ಮಾನ್ಯ ಸಂಪಾದಕರೇ,

ಬೇಲಿ, ದಾರಿ, ತೋಟಕ್ಕೆ ಹರಿಯುವ ನೀರು ಇವುಗಳ ಸಲುವಾಗಿ ಹುಟ್ಟಿದ ಮನಸ್ತಾಪ ಮಲೆನಾಡಿನ ಊರುಗಳಲ್ಲಿ ಅಜ್ಜನಿಂದ ಮೊಮ್ಮಗನವರೆಗೂ ನಡೆದುಬರುವುದನ್ನು ತಮ್ಮ ಓದುಗರು ಬಲ್ಲರು. ಪಟ್ಟಣದಲ್ಲಾದರೆ ಕಿರಿಕಿರಿ ಮಾಡುವ ನೆರೆಯವರನ್ನು ಬಿಟ್ಟು ಬೇರೆ ಬಾಡಿಗೆ ಮನೆ ಹುಡುಕಿಕೊಳ್ಳಬಹುದು. ತೀರ್ಥಹಳ್ಳಿ, ಹೊಸನಗರದ ಕಡೆಯ ಒಂಟಿಮನೆಗಳಲ್ಲಿ ಬದುಕುವ ನಮಗೆ ಆ ಅನುಕೂಲವಿಲ್ಲ. ಜಡಿಮಳೆಯ ರಾತ್ರಿ ಯಾರಿಗಾದರೂ ಹಾವು ಕಚ್ಚಿದರೆ ನಮ್ಮ ಕೂಗಿಗೆ ಮೊದಲು ಓಗೊಡಬೇಕಾದವರು, ಮಾತು ಬಿಟ್ಟು ವರ್ಷಗಳೇ ಕಳೆದಿರುವ ಅದೇ ಮೇಲಿನ ಮನೆಯವರು. ಹೀಗಿದ್ದೂ ‘ಅವರ ಸಹವಾಸವೇ ಬೇಡ’ ಎನ್ನುವುದು ನಮ್ಮಲ್ಲಿ ಜಾಣತನವೆನಿಸಿಕೊಂಡಿದೆ. ಈ ವಿಷಯದಲ್ಲಿ ಕ್ರೈಸ್ತ ವಿಶ್ವಾಸ ನನಗೆ ಕಲಿಸಿರುವುದು ಇತರ ಧರ್ಮಗಳ ಓದುಗರಿಗೂ ಒದಗಿಬಂದೀತೆಂದು ಈ ಪತ್ರ ಬರೆಯುತ್ತಿದ್ದೇನೆ.

ಬೈಬಲಿನಲ್ಲಿ ದೇವರು ಕೊಟ್ಟ ಹತ್ತು ಕಟ್ಟಳೆಗಳಾದ ದಶಾಜ್ಞೆಗಳಲ್ಲಿ ಕಥೋಲಿಕರು ಎಂಟನೆಯದೆಂದು ಎಣಿಸುವ ಆಜ್ಞೆ, ನೆರೆಯವನ ವಿರುದ್ಧ ಸುಳ್ಳುಸಾಕ್ಷಿ ಹೇಳಬಾರದು ಎನ್ನುತ್ತದೆ. ಇದು ನ್ಯಾಯಾಲಯದ ಕಟಕಟೆಗೆ ಮಾತ್ರ ಸಂಬಂಧಿಸಿದ್ದೆಂದು ಬಹಳ ಮಂದಿ ತಿಳಿದಿದ್ದಾರೆ. ಆದರೆ 1992ರಲ್ಲಿ ಕಥೋಲಿಕ ಧರ್ಮಸಭೆ (ಚರ್ಚ್) ಹೊರತಂದ ಧರ್ಮೋಪದೇಶ ಗ್ರಂಥದ ಪ್ರಕಾರ, ಇಲ್ಲದ ತಪ್ಪನ್ನು ಹೊರಿಸುವುದಷ್ಟೇ ಅಲ್ಲ, ಇರುವ ತಪ್ಪನ್ನೇ ತಕ್ಕ ಕಾರಣವಿಲ್ಲದೆ ತಿಳಿಯದವರ ಮುಂದೆ ಬಿಚ್ಚಿಡುವುದೂ ಆ ಆಜ್ಞೆಯ ಉಲ್ಲಂಘನೆಯೇ. ಮತ್ತೊಬ್ಬರ ಮಾತಿಗೂ ನಡತೆಗೂ ಸಾಧ್ಯವಾದಷ್ಟು ಒಳ್ಳೆಯ ಅರ್ಥವನ್ನೇ ಹುಡುಕಬೇಕೆಂದೂ ಅದು ಹೇಳುತ್ತದೆ. ನನಗೆ ತೋಚುವಂತೆ, ಒಬ್ಬರ ತಪ್ಪುಗಳನ್ನು ಮಾತ್ರ ಆಡಿಕೊಂಡು, ಕಣ್ಣಾರೆ ಕಂಡ ಅವರ ಒಳ್ಳೆಯದನ್ನು ನುಂಗಿಕೊಳ್ಳುವುದು ಅರ್ಧ ಸಾಕ್ಷಿ. ಅದು ಸುಳ್ಳುಸಾಕ್ಷಿಗಿಂತ ಬಹಳ ದೂರದ್ದೇನಲ್ಲ.

ನಮ್ಮೂರಿನಲ್ಲೊಬ್ಬರು ಹಿರಿಯರಿದ್ದಾರೆ. ಬೇಲಿಯ ಗೂಟ ಒಂದು ಗೇಣು ಸರಿದರೂ ಬೆಳಕು ಹರಿಯುವ ಮೊದಲೇ ಅಂಗಳದಲ್ಲಿ ಬಂದು ನಿಲ್ಲುವವರು, ಗ್ರಾಮಸಭೆಯಲ್ಲಿ ಯಾರ ಮಾತನ್ನೂ ಪೂರ್ತಿಯಾಗಲು ಬಿಡದವರು. ಮಳೆಗಾಲಕ್ಕೆ ಮುನ್ನ ಹಳ್ಳಕ್ಕೆ ಕಾಲುಸಂಕ ಕಟ್ಟುವವರೂ ಅವರೇ. ಯಾರೂ ಹೇಳದಿದ್ದರೂ ತಮ್ಮ ತೋಟದ ಅಡಿಕೆ ಮರಗಳನ್ನು ಕಡಿದು ತಂದು, ಜೋಡಿಸಿ, ಬಿಗಿದು, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರಿನ ಗಳ ಕಟ್ಟುತ್ತಾರೆ. ಹಳ್ಳ ಕೆಂಪಗೆ ತುಂಬಿ ಹರಿಯುವ ದಿನಗಳಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ದಂಡೆಯಲ್ಲಿ ನಿಂತು, ಶಾಲೆಯ ಮಕ್ಕಳೆಲ್ಲ ದಾಟುವ ತನಕ ‘ಗಳ ಹಿಡ್ಕಂಡು ದಾಟ್ರೋ, ಕೋತಿಗಳಾ’ ಎಂದು ಗದರುತ್ತಾರೆ. ಅವರ ಮನೆಯಿಂದ ಶಾಲೆಗೆ ಹೋಗುವ ಮಕ್ಕಳು ಈಗ ಯಾರೂ ಇಲ್ಲ. ಅವರ ಬೇಲಿ ಜಗಳದ ಕಥೆ ಊರಿನ ಎಲ್ಲ ಜಗುಲಿಗಳಲ್ಲೂ ನಡೆಯುತ್ತದೆ, ಸಂಕದ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಯೇಸುಸ್ವಾಮಿಯ ಬದುಕನ್ನು ಹೇಳುವ ಬೈಬಲಿನ ಭಾಗಗಳಲ್ಲೊಂದಾದ ಲೂಕನ ಶುಭಸಂದೇಶದ 19ನೇ ಅಧ್ಯಾಯದಲ್ಲಿ ಬರುವ ಜಕ್ಕಾಯ, ಜೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ. ಜನ ಹತ್ತಿರ ಸೇರಿಸದ ಸಿರಿವಂತ. ಮರವೇರಿ ಕುಳಿತಿದ್ದ ಅವನನ್ನು ಯೇಸುಸ್ವಾಮಿ ಹೆಸರು ಹಿಡಿದು ಕರೆದು, ಈ ದಿನ ನಿನ್ನ ಮನೆಯಲ್ಲೇ ಉಳಿಯಬೇಕೆಂದಾಗ ನೆರೆದವರೆಲ್ಲ ಗೊಣಗಿದರು. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವೆನೆಂದೂ ವಂಚಿಸಿದ್ದರೆ ನಾಲ್ಕರಷ್ಟು ಹಿಂದಿರುಗಿಸುವೆನೆಂದೂ ಜಕ್ಕಾಯ ಹೇಳಿದ್ದು ಆಮೇಲೆ. ಅವನು ತಿದ್ದಿಕೊಳ್ಳಲಿ, ಅನಂತರ ಊಟಕ್ಕೆ ಹೋದರಾಯಿತು ಎಂದು ಪ್ರಭು ಕಾಯಲಿಲ್ಲ ಎಂಬುದು ಪ್ರತಿ ಸಲ ಓದುವಾಗಲೂ ನನ್ನನ್ನು ಹಿಡಿದು ನಿಲ್ಲಿಸುತ್ತದೆ.

ಇದು ಅಂತಃಕರಣ ತಾನಾಗಿ ಉಕ್ಕಿ ಬರುವವರಿಗೆ ಮಾತ್ರ ಸಾಧ್ಯವೆಂದು ತಿಳಿಯಬೇಕಾಗಿಲ್ಲ. ಫ್ರಾನ್ಸಿನ ಲಿಸ್ಯೂ ನಗರದ ಕಾರ್ಮೆಲ್ ಮಠದಲ್ಲಿದ್ದು 1897ರಲ್ಲಿ, 24ರ ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಸಂತ ತೆರೇಸಾ, ಮಠದ ಒಬ್ಬ ಸೋದರಿಯ ನಡೆ, ನುಡಿ, ಸ್ವಭಾವ ಯಾವುದೂ ತಮಗೆ ಹಿಡಿಸುತ್ತಿರಲಿಲ್ಲವೆಂದು ಬರೆದಿಟ್ಟಿದ್ದಾರೆ. ಆಕೆ ಎದುರಾದಾಗಲೆಲ್ಲ ಆಕೆಯ ಗುಣಗಳನ್ನು ದೇವರ ಮುಂದೆ ಎತ್ತಿ ಹೇಳಿ ಪ್ರಾರ್ಥಿಸುತ್ತಿದ್ದರು, ಕೈಲಾದ ಸಹಾಯ ಮಾಡುತ್ತಿದ್ದರು. ಖಾರವಾದ ಉತ್ತರ ನಾಲಿಗೆಯ ತುದಿಗೆ ಬಂದಾಗ ಮುಗುಳ್ನಗುತ್ತಿದ್ದರು, ಅದೂ ಆಗದಿದ್ದಾಗ ಅಲ್ಲಿಂದ ಓಡಿಹೋಗುತ್ತಿದ್ದರು. ಕೊನೆಗೆ ಆ ಸೋದರಿಯೇ, ನನ್ನಲ್ಲಿ ಏನು ಕಂಡು ನಿನಗೆ ಇಷ್ಟು ಅಕ್ಕರೆ ಎಂದು ಕೇಳಿದರಂತೆ. ಓಡಿಹೋದದ್ದನ್ನೂ ಮುಚ್ಚಿಡದೆ ಬರೆದಿರುವುದರಿಂದಲೇ ಈ ಸಂತರ ಮಾತನ್ನು ನಾನು ಪೂರ್ತಿಯಾಗಿ ನಂಬುತ್ತೇನೆ.

ಆದರೆ ಒಂದು ಮಾತನ್ನು ಖಂಡಿತವಾಗಿ ಹೇಳಬೇಕು. ಕುಡಿದು ಬಂದು ಹೊಡೆಯುವ ಗಂಡನಲ್ಲಿ ಒಳ್ಳೆಯದನ್ನು ಕಾಣು ಎಂದು ಹೆಣ್ಣುಮಗಳಿಗೆ ಬುದ್ಧಿ ಹೇಳುವವರು, ದುಡಿಸಿಕೊಂಡು ಕೂಲಿ ಕೊಡದವರನ್ನು ಕ್ಷಮಿಸು ಎಂದು ಆಳಿಗೆ ಉಪದೇಶಿಸುವವರು ವಿಶ್ವಾಸವನ್ನು ದುರುಪಯೋಗ ಮಾಡುತ್ತಿದ್ದಾರೆ. ಪ್ರಧಾನ ಯಾಜಕನ ಮುಂದೆ ಕಾವಲಿನವನು ಕೆನ್ನೆಗೆ ಹೊಡೆದಾಗ, ಯೇಸುಸ್ವಾಮಿ ‘ನನ್ನನ್ನೇಕೆ ಹೊಡೆಯುತ್ತೀಯೆ?’ ಎಂದು ಕೇಳಿಯೇ ಕೇಳಿದರು. ತಪ್ಪು ಮಾಡಿದವನಿಗೆ ಮೊದಲು ಒಂಟಿಯಾಗಿ ತಿಳಿಹೇಳು, ಕೇಳದಿದ್ದರೆ ಇನ್ನೊಬ್ಬಿಬ್ಬರನ್ನು ಕರೆದುಕೊಂಡು ಹೋಗು, ಅದಕ್ಕೂ ಬಗ್ಗದಿದ್ದರೆ ಸಭೆಗೆ ತಿಳಿಸು ಎಂಬ ಕ್ರಮ ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಸ್ಪಷ್ಟವಾಗಿದೆ. ನಾವು ಮಾಡುತ್ತಿರುವುದು ಇದರ ತಿರುಗುಮುರುಗು: ಮೊದಲು ಊರಿಗೆಲ್ಲ ಹೇಳುತ್ತೇವೆ, ಸಂಬಂಧಪಟ್ಟವರಿಗೆ ಮಾತ್ರ ಹೇಳುವುದಿಲ್ಲ.

ಶಿವಮೊಗ್ಗ ಧರ್ಮಕ್ಷೇತ್ರದ (ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶದ) ಗುರುಗಳಲ್ಲಿ ನನ್ನದೊಂದು ಬಿನ್ನಹವಿದೆ. ಚರ್ಚಿನಲ್ಲಿ ನಡೆಯುವ ಭಾನುವಾರದ ಆರಾಧನೆಯಾದ ಬಲಿಪೂಜೆಯ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ರೋಗಿಗಳಿಗಾಗಿ, ಆಳುವವರಿಗಾಗಿ, ಮಳೆಬೆಳೆಗಾಗಿ ಬೇಡುವಂತೆಯೇ, ನಾವು ಮಾತು ಬಿಟ್ಟಿರುವ ನೆರೆಯವರಿಗಾಗಿಯೂ ಬೇಡುವ ರೂಢಿಯಾಗಲಿ. ಮನೆಗಳಲ್ಲಿ ಸೇರುವ ಪ್ರಾರ್ಥನಾಕೂಟಗಳಲ್ಲಿ, ಅಂಥವರು ಮಾಡಿರುವ ಒಂದಾದರೂ ಉಪಕಾರವನ್ನು ಎಲ್ಲರೆದುರು ಹೇಳಲು ಸ್ವಲ್ಪ ಸಮಯ ಮೀಸಲಿರಲಿ. ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದು ಜನ ಬಿಡುವಾಗುವ ಹೊತ್ತಿಗೆ ಬರುವ ತಪಸ್ಸುಕಾಲದಲ್ಲಿ (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸ, ಪ್ರಾರ್ಥನೆಗಳ ದಿನಗಳಲ್ಲಿ) ಇದನ್ನು ಆರಂಭಿಸುವುದು ನಮ್ಮ ಭಾಗದ ಧರ್ಮಕೇಂದ್ರಗಳಿಗೆ ಕಷ್ಟವಾಗಲಾರದು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು