ನಾನು ಕುರಿ ವರ್ಷದವಳಂತೆ

ಶಾಂಘೈ
18 ಆಗಸ್ಟ್ 2019

ಪ್ರೀತಿಯ ಅಕ್ಕ,

ಸರಿಯಾಗಿ ತಿನ್ನುತ್ತಿದ್ದೀಯಾ ಅಂತ ಕೇಳಿದ್ದೆ. ಹೌದು, ಹೊಟ್ಟೆ ತುಂಬ ತಿನ್ನುತ್ತಿದ್ದೇನೆ. ನಮ್ಮ ಬೀದಿಯ ಮೂಲೆಯಲ್ಲಿ ಒಬ್ಬಾಕೆ ಬೆಳಿಗ್ಗೆ ಜಿಯಾನ್‌ಬಿಂಗ್ ಮಾಡುತ್ತಾಳೆ. ದುಂಡನೆಯ ಕಾವಲಿ, ಹೆಸರುಹಿಟ್ಟು ಬೆರೆಸಿದ ಸಂಪಣ, ಹರಡಲು ಒಂದು ಮರದ ಪಟ್ಟಿ. ನೋಡಿದರೆ ನಮ್ಮ ಹೆಸರು ದೋಸೆಯೇ. ಆದರೆ ಮೇಲೆ ಮೊಟ್ಟೆ ಒಡೆದು ಸವರುತ್ತಾಳೆ. ಮೊದಮೊದಲು ಬೇಡ ಅನ್ನುತ್ತಿದ್ದೆ. ಈಗ ಸುಮ್ಮನಿರುತ್ತೇನೆ. ಈ ಸಾಲು ಅಮ್ಮನಿಗೆ ಓದಬೇಡ.

ಯಾರ ಜೊತೆ ಓಡಾಡುತ್ತೀಯ ಅಂತ ಕೇಳಿದ್ದೆಯಲ್ಲ. ಆಫೀಸಿನವರನ್ನು ಬಿಟ್ಟರೆ ನನ್ನ ಹಾಗೇ ಹೊರಗಿನಿಂದ ಬಂದ ನಾಲ್ಕು ಜನ. ಒಬ್ಬಳು ಬ್ರೆಜಿಲ್‌ನವಳು, ಒಬ್ಬ ಸ್ಕಾಟ್ಲೆಂಡಿನವನು. ಎಲ್ಲರಿಗೂ ಈ ಊರಿನ ಬಗ್ಗೆ ಬರೆಯುವ ಹುಚ್ಚು. ಏನು ಕಂಡರೂ ಫೋಟೋ, ಏನು ತಿಂದರೂ ಎರಡು ಪುಟ. ಇಲ್ಲಿ ಗೂಗಲ್, ಫೇಸ್‌ಬುಕ್, ಯೂಟ್ಯೂಬ್ ಯಾವುದೂ ನೇರವಾಗಿ ತೆರೆಯುವುದಿಲ್ಲ, ವಿಪಿಎನ್ (ಆ ತಡೆ ದಾಟಿಸುವ ಆ್ಯಪ್) ಬೇಕು. ಹಾಗಾಗಿ ಸೇರಿದ ಕೂಡಲೇ ಮೊದಲ ಮಾತು, "ನಿಂದು ಇವತ್ತು ನಡೀತಿದೆಯಾ?" ಬೇಸಿಗೆಯಲ್ಲಿ ನಾವು ಪಕ್ಕದ ಮನೆಯವರನ್ನು ಕರೆಂಟ್ ಇದೆಯಾ ಅಂತ ಕೇಳುತ್ತೇವಲ್ಲ, ಹಾಗೆ.

ಈಗ ಎಲ್ಲರೂ ಬರೆಯುತ್ತಿರುವುದು ಕಸದ ಬಗ್ಗೆ. ಜುಲೈ 1ರಿಂದ ಇಲ್ಲಿ ಕಸವನ್ನು ನಾಲ್ಕು ಬಗೆ ಮಾಡಲೇಬೇಕು. ಹಸಿ, ಒಣ, ಮರುಬಳಕೆಯದು, ಅಪಾಯದ್ದು. ನಮ್ಮ ವಠಾರದಲ್ಲಿ ಹಾಕುವುದಕ್ಕೂ ಹೊತ್ತು ಗೊತ್ತು ಮಾಡಿದ್ದಾರೆ. ಡಬ್ಬಿಯ ಪಕ್ಕ ನಿಂತ ಆಯಿ (ಚಿಕ್ಕಮ್ಮನ ವಯಸ್ಸಿನವರನ್ನೆಲ್ಲ ಇಲ್ಲಿ ಹಾಗೇ ಕರೆಯುವುದು) "ನೀನು ಯಾವ ಕಸ?" ಅಂತ ಕೇಳುತ್ತಾಳೆ. ಊರೆಲ್ಲ ಇದೇ ಜೋಕು. ಮೊನ್ನೆ ತೆಂಗಿನ ಕರಟ ತಗೊಂಡು ಹೋದೆ. ಇಬ್ಬರು ಆಯಿಯರಿಗೆ ಅದರ ಮೇಲೇ ಜಗಳ ಹತ್ತಿಕೊಂಡಿತು. ಕರಟ ನನ್ನ ಜೊತೆ ಮನೆಗೆ ವಾಪಸ್ ಬಂತು.

ನಿನ್ನೆ ಪೀಪಲ್ಸ್ ಪಾರ್ಕಿಗೆ ಹೋಗಿದ್ದೆವು. ಶನಿವಾರ, ಭಾನುವಾರ ಅಲ್ಲಿ ಅಪ್ಪ ಅಮ್ಮಂದಿರು ಮಕ್ಕಳಿಗೆ ಗಂಡು ಹೆಣ್ಣು ಹುಡುಕಲು ಬಂದು ಕೂರುತ್ತಾರೆ. ಬಿಚ್ಚಿದ ಕೊಡೆಯನ್ನು ನೆಲದ ಮೇಲಿಟ್ಟು ಅದಕ್ಕೆ ಒಂದು ಹಾಳೆ ಸಿಕ್ಕಿಸಿರುತ್ತಾರೆ. ಹುಟ್ಟಿದ ವರ್ಷ, ಎತ್ತರ, ಓದು, ಸಂಬಳ, ಸ್ವಂತ ಮನೆ ಇದೆಯಾ, ಶಾಂಘೈನ ಹುಕೌ ಇದೆಯಾ. ಹುಕೌ ಅಂದರೆ ಈ ಊರಿನವರು ಅಂತ ಸರ್ಕಾರ ಬರೆದುಕೊಂಡ ದಾಖಲೆ. ಅದಿದ್ದರೆ ಮಕ್ಕಳ ಶಾಲೆ, ಆಸ್ಪತ್ರೆ ಎಲ್ಲ ಸಲೀಸು. ಮದುವೆ ಆಗಬೇಕಾದವರು ಮಾತ್ರ ಅಲ್ಲಿ ಕಾಣುವುದೇ ಅಪರೂಪ. ಎಷ್ಟೋ ಜನಕ್ಕೆ ತಮ್ಮ ಹಾಳೆ ಅಲ್ಲಿರುವುದೇ ಗೊತ್ತಿರುವುದಿಲ್ಲವಂತೆ.

ಗೆಳೆಯರಿಗೆ ಹಬ್ಬ. "ಎಂಥ ವಿಚಿತ್ರ!" ಅಂತ ಕ್ಯಾಮೆರಾ ತೆಗೆದರು. ನನಗೆ ವಿಚಿತ್ರ ಅನ್ನಿಸಲೇ ಇಲ್ಲ ಅಕ್ಕ. ಒಬ್ಬಾಕೆ ಮಗನ ಹಾಳೆಯ ಪ್ಲಾಸ್ಟಿಕ್ ಕವರನ್ನು ಕರ್ಚೀಫಿನಿಂದ ಒರೆಸುತ್ತಿದ್ದಳು. ಅಮ್ಮ ನನ್ನ ಜಾತಕದ ನಾಲ್ಕು ಮೂಲೆಗೆ ಅರಿಶಿನ ಹಚ್ಚುತ್ತಾಳಲ್ಲ, ಅಷ್ಟೇ ಜೋಪಾನ. ಕ್ಯಾಮೆರಾ ಕಂಡ ಕೂಡಲೇ ಹಾಳೆಗೆ ಕೈ ಅಡ್ಡ ಇಟ್ಟಳು. ಬೇಡ ಬಿಡೋ ಅಂದೆ ಸ್ಕಾಟ್ಲೆಂಡಿನವನಿಗೆ. ಯಾಕೆ ಅಂದ. ಹೇಗೆ ಹೇಳಲಿ? ಸೆಕೆ ಜಾಸ್ತಿ ಆಯ್ತು, ಅಲ್ಲಿ ನೆರಳಿದೆ, ಹೋಗಿ ಕೂತಿರಿ ಅಂದೆ.

ಅವರು ಹೋದ ಮೇಲೆ ಆಕೆ ನನ್ನನ್ನು ಮಾತಾಡಿಸಿದಳು. ಯಾವ ದೇಶ, ಎಷ್ಟು ಸಂಬಳ, ಯಾವ ವರ್ಷ ಹುಟ್ಟಿದ್ದು. ಹರಕುಮುರುಕು ಚೀನಿಯಲ್ಲಿ 1991 ಅಂದೆ. "ಅಯ್ಯೋ, ಕುರಿ!" ಅಂದಳು. ಇಲ್ಲಿ ಒಂದೊಂದು ವರ್ಷಕ್ಕೆ ಒಂದೊಂದು ಪ್ರಾಣಿಯ ಹೆಸರು, 1991 ಕುರಿಯದು. ಕುರಿ ವರ್ಷದ ಹೆಣ್ಣಿಗೆ ಅದೃಷ್ಟ ಕಮ್ಮಿ ಅಂತ ಇಲ್ಲಿ ಹಳಬರ ನಂಬಿಕೆ. ನಮ್ಮಲ್ಲಿ ಮೂಲಾ ನಕ್ಷತ್ರ ಅಂದರೆ ಮುಖ ಸಣ್ಣಗೆ ಮಾಡುತ್ತಾರಲ್ಲ, ಥೇಟ್ ಅದೇ ಮುಖ. ಮಗನ ಕೊಡೆಯನ್ನು ಮೆಲ್ಲಗೆ ಆಚೆ ಸರಿಸಿದಳು! ಆಮೇಲೆ ಅವಳಿಗೇ ಪಾಪ ಅನ್ನಿಸಿರಬೇಕು, ಒಂದು ಹಿಡಿ ಸೂರ್ಯಕಾಂತಿ ಬೀಜ ಕೊಟ್ಟಳು. ಇಬ್ಬರೂ ಸಿಪ್ಪೆ ಬಿಡಿಸುತ್ತ ಕೂತೆವು.

ಅಂದ ಹಾಗೆ, ಅಮ್ಮ ಎಲ್ಲರಿಗೂ ಕೊಡುತ್ತಿರುವ ನನ್ನ ಫೋಟೋ 2014ರದ್ದು. ಹೊಸದು ಕಳಿಸುತ್ತೇನೆ, ಅದನ್ನೇ ಕೊಡಲಿ. ಪಾರ್ಕಿನ ಸುದ್ದಿ ಮಾತ್ರ ಅಪ್ಪನ ಕಿವಿಗೆ ಹಾಕಬೇಡ. ನಾಳೆಯೇ ಕೊಡೆ ಹಿಡಿದು ಕೆರೆ ಏರಿಯ ಮೇಲೆ ಹೋಗಿ ಕೂತಾರು.

ನಿನ್ನ,
ಪುಟ್ಟಿ