ಹೊಳೆ ದಂಡೆಯಲ್ಲಿ ಬಯಲುಸೀಮೆಯ ಲೆಕ್ಕ ನಡೆಯದು

ಮಾನ್ಯ ಸಂಪಾದಕರೇ,

ಮಳೆ ಹಿಡಿದ ಕೂಡಲೇ ಚಿತ್ರದುರ್ಗ, ದಾವಣಗೆರೆ ಕಡೆಯಿಂದ ಮಲೆನಾಡಿನ ಹೊಳೆ ದಂಡೆಗಳಿಗೆ ಚಾರಣ ಹೊರಡುವವರಿದ್ದಾರೆ. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡ ಹತ್ತಿದ ಅಭ್ಯಾಸ ಅಲ್ಲಿಗೆ ಸಾಲದು. ಬಯಲಲ್ಲಿ ಗಂಟೆಗೆ 4–5 ಕಿ.ಮೀ. ನಡೆಯುವವರು ಬಂಡೆ, ಬೇರು ತುಂಬಿದ ದಂಡೆಯಲ್ಲಿ 2 ಕಿ.ಮೀ. ಸಾಗಿದರೆ ಹೆಚ್ಚು. ಹೋಗಿಬರುವ ದಾರಿ 8 ಕಿ.ಮೀ. ಮೀರದಿರಲಿ. ಎಲ್ಲಿಗೇ ತಲುಪಿರಲಿ, ಮಧ್ಯಾಹ್ನ 1ಕ್ಕೆ ಹಿಂದಿರುಗಬೇಕು. ಕಣಿವೆಯಲ್ಲಿ ಬೇಗ ಕತ್ತಲಾಗುತ್ತದೆ.

ದೊಡ್ಡ ಅಪಾಯ ನೀರಿನದೇ. ನಿಂತಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆ ಸುರಿದರೆ ಹೊಳೆ ನೋಡನೋಡುತ್ತಲೇ ಏರುತ್ತದೆ. ತಿಳಿನೀರು ಕೆಂಪಾದರೆ, ತರಗೆಲೆ, ಕಡ್ಡಿ ತೇಲಿಬಂದರೆ, ಸದ್ದು ಬದಲಾದರೆ ಫೋಟೊ ಬಿಟ್ಟು ಎತ್ತರಕ್ಕೆ ಹತ್ತಿ. ಹೊಳೆ ನಡುವಿನ ಬಂಡೆಯ ಮೇಲೆ ಬುತ್ತಿ ಬಿಚ್ಚುವುದು ಶುದ್ಧ ದಡ್ಡತನ. ಮೊಣಕಾಲು ಮೀರಿದ ಸೆಳೆತವನ್ನು ದಾಟಲೇಬೇಡಿ. ಅದಕ್ಕಿಂತ ಕಡಿಮೆಯಿದ್ದರೂ ಬ್ಯಾಗಿನ ಸೊಂಟಪಟ್ಟಿ ಬಿಚ್ಚಿ, ನೀರು ಬರುವ ಕಡೆಗೆ ಕೋಲು ಊರಿ, ಒಂದೊಂದೇ ಹೆಜ್ಜೆ ಇಡಬೇಕು. ಪಟ್ಟಿ ಬಿಗಿದಿದ್ದರೆ ಬಿದ್ದಾಗ ಬ್ಯಾಗೇ ಮುಳುಗಿಸುತ್ತದೆ. ಶೂ ಒದ್ದೆಯಾದೀತೆಂದು ಬರಿಗಾಲಲ್ಲಿ ಇಳಿಯುವವರೇ ಪಾಚಿಯ ಮೇಲೆ ಜಾರುವುದು.

ಇಂಬಳಕ್ಕೆ (ಕಾಡಿನ ನೆಲದ ಜಿಗಣೆ) ಕಾಲುಚೀಲದ ಮೇಲೆ ಹೊಗೆಸೊಪ್ಪಿನ ಪುಡಿ ಹಚ್ಚುವುದುಂಟು. ಕಚ್ಚಿದರೆ ಉಗುರಿನಿಂದ ಮೆಲ್ಲಗೆ ಸರಿಸಿ, ಎಳೆಯಬೇಡಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸವನ್ನು ಅದು ಬಿಡುವುದರಿಂದ ಗಾಯ ತುಸು ಹೊತ್ತು ಒಸರುತ್ತದೆ, ಅಷ್ಟೇ. ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿ ಸಾಕು. ನಮ್ಮ ಮಂಡಕ್ಕಿ ಅಲ್ಲಿನ ತೇವಕ್ಕೆ ಮೆತ್ತಗಾಗಿಬಿಡುತ್ತದೆ!

ಅರಣ್ಯ ಇಲಾಖೆ ಅನುಮತಿ ಚೀಟಿಯ ಜೊತೆಗೇ ಹೊಳೆಯ ಮೇಲ್ಭಾಗದ ಆ ದಿನದ ಮಳೆ ಮುನ್ಸೂಚನೆಯನ್ನೂ ಕೊಡಲಿ.

– ಚಾರಣಾಸಕ್ತರು, ಚಿತ್ರದುರ್ಗ