ಅಜ್ಜಿಯ ಕೈ ಕಾಣಲಿ

ಲಂಡನ್

ಪ್ರೀತಿಯ ಅಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ಚಳಿ ಜಾಸ್ತಿ. ಚಟ್ನಿಪುಡಿ ಮುಗಿಯುತ್ತಾ ಬಂತು.

ಚಾಮರಾಜಪೇಟೆಯ ಪೇಂಟರ್ ಹತ್ತಿರ ಅಜ್ಜಿಯ ಚಿತ್ರ ಬರೆಸುತ್ತಿದ್ದೀರಂತೆ, ಅಣ್ಣ ಹೇಳಿದ. ಮುಖ ಮಾತ್ರ ಸಾಕು, ಸ್ವಲ್ಪ ಬೆಳ್ಳಗೆ ಮಾಡಿ, ಎರಡೆಳೆ ಸರ ಹಾಕಿ ಅಂತ ಅವನೇ ಪೇಂಟರ್‌ಗೆ ಹೇಳಿದ್ದಾನಂತೆ. ಅದಕ್ಕೇ ಈ ಪತ್ರ.

ಹೋದ ಭಾನುವಾರ ಇಲ್ಲಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಗೆ ಹೋಗಿದ್ದೆ. ಒಂದನೇ ಎಲಿಜಬೆತ್ ರಾಣಿಯ ಆಳೆತ್ತರದ ಚಿತ್ರವಿದೆ, 1592ರ ಸುಮಾರಿನದು. ಇಂಗ್ಲೆಂಡಿನ ನಕ್ಷೆಯನ್ನೇ ಮೆಟ್ಟಿ ನಿಂತಿದ್ದಾಳೆ! ಬರೆಸಿದವನು ಅವಳ ಆಸ್ಥಾನದ ಹೆನ್ರಿ ಲೀ, ಅವಳ ಕೃಪೆ ಮತ್ತೆ ಗಳಿಸಲು ಅಂತಾರೆ. 1596ರಲ್ಲಂತೂ ರಾಣಿಗೆ ಒಪ್ಪದ ಚಿತ್ರಗಳನ್ನು ಹುಡುಕಿ ಹಾಳುಮಾಡಿ ಅಂತ ಆದೇಶವೇ ಹೊರಟಿತ್ತು. ತನ್ನ ಮುಖದ ಮೇಲೆ ಇಷ್ಟು ಅಧಿಕಾರ ಬೇರೆ ಯಾವ ಹೆಂಗಸಿಗಿತ್ತು ಹೇಳು?

ನಮ್ಮ ಮೈಸೂರಿನ ರಾಣಿಯರಿಗಂತೂ ಇರಲಿಲ್ಲ. 1805ರಲ್ಲಿ ಥಾಮಸ್ ಹಿಕಿ ಅನ್ನೋ ಐರಿಶ್ ಚಿತ್ರಕಾರ ಅರಮನೆಯ ಮೂವರು ಹೆಂಗಸರ ಚಿತ್ರ ಬರೆದ. ಬಹಳ ಕಾಲ ಅವರನ್ನು ನರ್ತಕಿಯರು ಅಂದುಕೊಂಡಿದ್ದರು. ರಾಣಿಯರು ಪರಗಂಡಸಿನ ಮುಂದೆ ಕೂರುತ್ತಾರಾ ಅನ್ನೋ ಲೆಕ್ಕ ಇರಬೇಕು. ಆಮೇಲೆ ನೈಜೆಲ್ ಚಾನ್ಸೆಲರ್ ಅನ್ನೋ ಇತಿಹಾಸಕಾರರು ಬೇರೆ ಅರ್ಥ ಹೇಳಿದರು. ಬಲಗಡೆ ಇರುವವಳು ದೇವಾಜಮ್ಮಣ್ಣಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ. ಆಗಿನ್ನೂ 12 ವರ್ಷ. ಸೀರೆ ಸರಿಸಿ ತೋಳು ತೋರಿಸುತ್ತಿದ್ದಾಳಲ್ಲ, ಅದು ಸಿಡುಬಿಗೆ ಲಸಿಕೆ ಹಾಕಿಸಿಕೊಂಡ ಜಾಗ ಅಂತ ಅವರ ವಾದ. ಹೊಸ ಲಸಿಕೆಗೆ ಜನ ಹೆದರುತ್ತಿದ್ದರು. ರಾಣಿಯೇ ಹಾಕಿಸಿಕೊಂಡಳು ಅಂದರೆ ನಂಬುತ್ತಾರೆ ಅಂತ ಈಸ್ಟ್ ಇಂಡಿಯಾ ಕಂಪನಿಯವರ ಎಣಿಕೆ. ಅಂದರೆ ಜಾಹೀರಾತು! ಆ ಹುಡುಗಿಯನ್ನು ಯಾರಾದರೂ ಕೇಳಿರುತ್ತಾರಾ? ನನಗೆ ನಂಬಿಕೆಯಿಲ್ಲ. ಆದರೂ ಹಿಕಿ ಬರೀ ಮುಖ ಬರೆದು ಬಿಟ್ಟಿದ್ದರೆ, ಅವಳು ಮಾಡಿದ್ದೇನು ಅಂತ ಇವತ್ತು ಯಾರೂ ಕೇಳುತ್ತಲೇ ಇರಲಿಲ್ಲ.

ಅಜ್ಜ ಹೋದ ಮೇಲೆ ಬಸವನಗುಡಿಯ ಅಂಗಡಿ ನಡೆಸಿದ್ದು ಅಜ್ಜಿ ತಾನೇ? ಸಾಲ ತೀರಿಸಿದ್ದು, ನಿನ್ನನ್ನು ಓದಿಸಿದ್ದು ಆ ಕೈಯೇ ಅಲ್ವಾ? ಗಲ್ಲಾಪೆಟ್ಟಿಗೆ ಮುಂದೆ ಕೂತು ಲೆಕ್ಕ ಬರೆಯುವ ಫೋಟೋ ನಿನ್ನ ಬೀರುವಿನಲ್ಲಿದೆ. ಅದನ್ನೇ ಕೊಡು. ಬಣ್ಣ ಅವಳದೇ ಇರಲಿ, ಕನ್ನಡಕವೂ ಇರಲಿ. ಸರ ಬೇಡ, ಅವಳು ಹಾಕಿದ್ದೇ ಇಲ್ಲ.

ಚಿತ್ರ ದೊಡ್ಡದಾದರೆ ದುಡ್ಡು ಜಾಸ್ತಿ ಕೇಳುತ್ತಾರೆ, ನಾನು ಕಳಿಸುತ್ತೇನೆ. ಅಣ್ಣನಿಗೆ ನೀನೇ ಹೇಳು. ನಾನು ಹೇಳಿದರೆ ಸುಮ್ನೆ ಜಗಳ ಆಗುತ್ತದೆ.

ನಿನ್ನ ಮಗಳು